ಒಂದು ದಿನದ ಹಡಗಿನ ಹಿಂದಿನ ಉಗ್ರಾಣ

ಎಲ್ಲರಿಗೂ ನಮಸ್ಕಾರ.

ವೆನಿಸ್ ಗಣರಾಜ್ಯದ ಹಡಗುಕಟ್ಟೆ ಅರ್ಸೆನಾಲೆ ಅಂದ ಕೂಡಲೇ ಒಂದು ಕಥೆ ಮುಂದೆ ಬಂದು ನಿಲ್ಲುತ್ತದೆ. 1574ರ ಜುಲೈನಲ್ಲಿ ಫ್ರಾನ್ಸಿನ ದೊರೆ ಮೂರನೇ ಹೆನ್ರಿ ಅಲ್ಲಿಗೆ ಬಂದಿದ್ದ. ಅವನು ಊಟಕ್ಕೆ ಕೂತು ಏಳುವುದರೊಳಗೆ ಒಂದು ಗ್ಯಾಲಿಯನ್ನು, ಅಂದರೆ ಹುಟ್ಟು ಹಾಕಿ ನಡೆಸುವ ಯುದ್ಧದ ಹಡಗನ್ನು, ಜೋಡಿಸಿ ನೀರಿಗಿಳಿಸಿದರಂತೆ. ಕೇಳಲು ಚೆನ್ನಾಗಿದೆ. ಹಡಗಿನ ಕೆಲಸ ಬಲ್ಲವರು ಮಾತ್ರ ಬೇರೆಯದನ್ನೇ ಕೇಳುತ್ತಾರೆ: ಆ ಬೆಳಿಗ್ಗೆಯ ಹೊತ್ತಿಗೆ ಎಷ್ಟು ಕೆಲಸ ಆಗಲೇ ಮುಗಿದಿತ್ತು? ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ.

ಸಂಪ್ರದಾಯ ಹೇಳುವ ಸ್ಥಾಪನೆಯ ವರ್ಷ 1104. ಗಟ್ಟಿ ದಾಖಲೆ ಸಿಗುವುದು 13ನೇ ಶತಮಾನದಿಂದ. ಹೆಸರು ಅರಬ್ಬಿಯ 'ದಾರ್ ಅಸ್-ಸಿನಾಅ', ಅಂದರೆ ಕೈಗಾರಿಕೆಯ ಮನೆ. 14ನೇ ಶತಮಾನದ ಆರಂಭದಲ್ಲಿ 'ಹೊಸ ಅರ್ಸೆನಾಲೆ' ಸೇರಿತು, 1473ರಿಂದ 'ಹೊಚ್ಚಹೊಸ'ದು. ಒಟ್ಟು 45 ಹೆಕ್ಟೇರಿಗೂ ಹೆಚ್ಚು ಜಾಗ, ಸುತ್ತ ಎತ್ತರದ ಗೋಡೆ. 1460ರ ಹೆಬ್ಬಾಗಿಲು ಇಂದಿಗೂ ನಿಂತಿದೆ. ಮೇಲ್ವಿಚಾರಣೆಗಿದ್ದ ಮೂವರು ಅಧಿಕಾರಿಗಳ ಮನೆಗಳಿಗೆ ಸ್ವರ್ಗ, ಶುದ್ಧಿಲೋಕ, ನರಕ ಎಂಬ ಹೆಸರಿದ್ದವು. ನರಕ ಯಾರ ಪಾಲಿಗೆ ಬಂತೋ!

ಈಗ ಮರಕ್ಕೆ ಬರೋಣ. ಅಡಿಮರ, ಪಕ್ಕೆಲುಬು, ಹೊರಹಲಗೆಗಳಿಗೆ ಓಕ್. ಲಾರ್ಚ್ ಮತ್ತು ಫರ್ ಮರ ಕಾಡೋರೆ ಬೆಟ್ಟಗಳಿಂದ ತೆಪ್ಪವಾಗಿ ಪಿಯಾವೆ ನದಿಯಲ್ಲಿ ತೇಲಿಬರುತ್ತಿತ್ತು. ಹುಟ್ಟುಗಳಿಗೆ ಬೀಚ್. ಬೀಚ್ ದಿಮ್ಮಿಯನ್ನು ಗರಗಸದಿಂದ ಕೊಯ್ಯುತ್ತಿರಲಿಲ್ಲ, ನಾರಿನ ಗುಂಟ ಸೀಳುತ್ತಿದ್ದರು. ಕೊಯ್ದರೆ ಗರಗಸ ನಾರನ್ನು ಅಡ್ಡ ಕತ್ತರಿಸುತ್ತದೆ, ಸುಮಾರು 10 ಮೀಟರ್ ಉದ್ದದ ಹುಟ್ಟು ಎಳೆತದ ಮಧ್ಯೆ ಅಲ್ಲೇ ಮುರಿಯುತ್ತದೆ. ಓಕ್‌ಗಾಗಿ 1471ರಲ್ಲಿ ಮೊಂತೆಲ್ಲೊ ಕಾಡನ್ನೂ, ಬೀಚ್‌ಗಾಗಿ 1548ರಲ್ಲಿ ಕನ್ಸಿಲಿಯೊ ಕಾಡನ್ನೂ ಗಣರಾಜ್ಯ ತನಗೇ ಕಾಯ್ದಿರಿಸಿಕೊಂಡಿತು. ನೇರ ಓಕ್ ಹೇಗೋ ಸಿಗುತ್ತದೆ. ಪಕ್ಕೆಲುಬಿಗೆ ಬೇಕಾದದ್ದು ತಾನಾಗಿಯೇ ಬಾಗಿ ಬೆಳೆದ ಮರ, ಅದು ಅಪರೂಪ. ನೇರ ಮರವನ್ನೇ ಬಾಗಿದ ಆಕಾರಕ್ಕೆ ಕಡಿದರೆ ನಾರು ತುಂಡಾಗಿ ಬಲ ಹೋಗುತ್ತದೆ.

ಹಸಿ ಮರದ ಕಾಟ ಎಲ್ಲ ಕಡೆಯಂತೆ ಅಲ್ಲೂ ಇತ್ತು. ಒಣಗದ ಹಲಗೆ ಕಟ್ಟಿದ ಮೇಲೆ ಕುಗ್ಗುತ್ತದೆ, ಸಂದು ಬಾಯಿಬಿಡುತ್ತದೆ. ಓಕ್‌ನ ಒಗರು ರಸ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಗಾಳಿಯಾಡದ ಕಡೆ ಬೂಸು ಹತ್ತಿ ಮರ ಒಳಗಿಂದಲೇ ಕೊಳೆಯುತ್ತದೆ. ಆದ್ದರಿಂದಲೇ ಅಷ್ಟು ಚಾವಣಿಗಳು, ಅಷ್ಟು ದಾಸ್ತಾನು.

ಹಡಗಿನ ನಕ್ಷೆಯನ್ನು ಕಾಗದದ ಮೇಲೆ ಬರೆಯುವ ರೂಢಿ ಇರಲಿಲ್ಲ. ಮೇಸ್ತ್ರಿಯ ಕೈಲಿದ್ದದ್ದು ನಡುವಿನ ಪಕ್ಕೆಲುಬಿನ ಮರದ ಅಚ್ಚು ಮತ್ತು ಗುರುತು ಹಾಕಿದ ಒಂದು ಕೋಲು. ಹಡಗು ಮೂತಿಯ ಕಡೆಗೂ ಹಿಂಭಾಗದ ಕಡೆಗೂ ಕಿರಿದಾಗಬೇಕಲ್ಲ, ಯಾವ ಪಕ್ಕೆಲುಬು ಎಷ್ಟು ಕಿರಿದು? ಅದಕ್ಕೆ 'ಅರ್ಧಚಂದ್ರ' ಎಂಬ ಯುಕ್ತಿ. ಒಟ್ಟು ಎಷ್ಟು ಕಿರಿದಾಗಬೇಕೋ ಅಷ್ಟನ್ನೇ ತ್ರಿಜ್ಯವಾಗಿಟ್ಟು ಅರ್ಧವೃತ್ತ ಎಳೆಯಬೇಕು. ಕಂಸದ ಎರಡೂ ಕಾಲುಭಾಗಗಳನ್ನು ಪಕ್ಕೆಲುಬುಗಳ ಸಂಖ್ಯೆಗೆ ತಕ್ಕಂತೆ ಸಮನಾಗಿ ಭಾಗಿಸಿ, ಎದುರುಬದುರಿನ ಬಿಂದುಗಳನ್ನು ಅಡ್ಡಗೆರೆಗಳಿಂದ ಸೇರಿಸಬೇಕು. ಆ ಗೆರೆಗಳು ನಡುಗೆರೆಯನ್ನು ಕತ್ತರಿಸುವ ಜಾಗಗಳನ್ನು ಕೋಲಿಗೆ ಇಳಿಸಿದರೆ ಮುಗಿಯಿತು. ಮೊದಮೊದಲು ಗುರುತುಗಳು ಒತ್ತೊತ್ತಾಗಿ, ಆಮೇಲೆ ದೂರದೂರವಾಗಿ ಬೀಳುತ್ತವೆ, ಹಡಗಿನ ಒಡಲು ನಯವಾಗಿ ಬಾಗುತ್ತದೆ. ಲೆಕ್ಕ ಬಾರದ ಬಡಗಿಯೂ ಇದನ್ನು ಮಾಡಬಲ್ಲ. ಒಂದೇ ಅಚ್ಚು, ಒಂದೇ ಕೋಲಿನಿಂದ ಬಂದ ಗ್ಯಾಲಿಗಳು ಅಳತೆಯಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದರಿಂದ ಒಂದರ ಹುಟ್ಟು, ಚುಕ್ಕಾಣಿ ಇನ್ನೊಂದಕ್ಕೆ ಹೊಂದುತ್ತಿತ್ತು. ಹಗುರ ಗ್ಯಾಲಿಯ ಉದ್ದ ಸುಮಾರು 41 ಮೀಟರ್, ಅಗಲ 5 ಮೀಟರ್. ಒಂದೊಂದು ಬದಿಗೆ 24ರಷ್ಟು ಬೆಂಚು, ಬೆಂಚಿಗೆ ಮೂವರು, ತಲೆಗೊಂದು ಹುಟ್ಟು. ಒಂದು ಹಡಗಿಗೆ 144 ಹುಟ್ಟು. ನೂರು ಹಡಗಿಗೆ ಗುಣಿಸಿ ನೋಡಿ, ಉಗ್ರಾಣದ ಗಾತ್ರ ಕಣ್ಣಿಗೆ ಕಟ್ಟುತ್ತದೆ.

ಬಡಗಿಗಳ ಕೆಲಸ ಮುಗಿದ ಮೇಲೆ 'ಕಲಫಾತಿ'ಗಳ ಸರದಿ. ಹಲಗೆಗಳ ಸಂದಿಗೆ ಸೆಣಬಿನ ನಾರನ್ನು ಉಳಿ ಕೊಡತಿಯಿಂದ ಬಡಿದು ತುಂಬಿ, ಮೇಲೆ ಕುದಿಯುವ ರಾಳ ಬಳಿಯುವವರು. ಚಳಿಗಾಲದಲ್ಲಿ ಹಡಗುಗಳು ದಡ ಸೇರಿರುತ್ತಿದ್ದವು, ರಿಪೇರಿಗೆ ಅದೇ ಹೊತ್ತು. ಇಟಲಿಯ ಕವಿ ದಾಂತೆ ತನ್ನ ಕಾವ್ಯದ ನರಕದಲ್ಲಿ ಕುದಿಯುವ ರಾಳವನ್ನು ತೋರಿಸಲು ಎತ್ತಿಕೊಂಡದ್ದು ಅರ್ಸೆನಾಲೆಯ ಈ ಚಳಿಗಾಲದ ದೃಶ್ಯವನ್ನೇ.

ಹೆನ್ರಿಯ ಊಟದ ಗುಟ್ಟು ಇಲ್ಲಿದೆ. 16ನೇ ಶತಮಾನದ ಮಧ್ಯದ ಹೊತ್ತಿಗೆ ನೂರು ಗ್ಯಾಲಿಗಳ ಮೀಸಲು ಪಡೆ ಇಡಬೇಕೆಂಬ ಗುರಿಯಿತ್ತು. 25 ನೀರಿನಲ್ಲಿ ಸಿದ್ಧ. ಉಳಿದವು ಚಾವಣಿಯಡಿ ಒಣ ನೆಲದ ಮೇಲೆ, ಒಡಲು ಪೂರ್ತಿ ಕಟ್ಟಿ, ಸಂದು ಮಾತ್ರ ತುಂಬದೆ. ಸಂದು ತುಂಬಿ ರಾಳ ಹಚ್ಚಿ ನೀರಿಗಿಳಿಸಿದರೆ ಮಿಕ್ಕಿದ್ದು ಸಾಮಾನು ಏರಿಸುವ ಕೆಲಸ. ಅದನ್ನು 1436ರ ಸುಮಾರಿಗೆ ಸ್ಪೇನಿನ ಪ್ರವಾಸಿ ಪೆರೊ ತಾಫುರ್ ಕಣ್ಣಾರೆ ಕಂಡ. ನೀರುಕಾಲುವೆಯ ಎರಡೂ ಬದಿಗೆ ಉಗ್ರಾಣಗಳ ಕಿಟಕಿಗಳು; ದೋಣಿಯೊಂದು ಗ್ಯಾಲಿಯನ್ನು ಎಳೆದುಕೊಂಡು ಬರುತ್ತಿದ್ದಂತೆ ಒಂದು ಕಿಟಕಿಯಿಂದ ಹಗ್ಗ, ಇನ್ನೊಂದರಿಂದ ರೊಟ್ಟಿ, ಮತ್ತೊಂದರಿಂದ ಆಯುಧ. ಆರು ತಾಸಿನಲ್ಲಿ ಹತ್ತು ಗ್ಯಾಲಿಗಳು ಸಜ್ಜಾಗಿ ಹೊರಬಂದವು ಎಂದು ಬರೆದಿದ್ದಾನೆ. ಜೋಡಿಸುವವರು ನಿಂತಲ್ಲೇ, ಹಡಗು ಮಾತ್ರ ಮುಂದೆ ಸಾಗುತ್ತದೆ.

1571ರ ಅಕ್ಟೋಬರ್ 7ರಂದು ಲೆಪಾಂತೊದ ಸಮುದ್ರಯುದ್ಧದಲ್ಲಿ ತುರ್ಕರ ಸಾಲನ್ನು ಒಡೆದ ಆರು ದೈತ್ಯ ಗ್ಯಾಲಿಯಾಸ್‌ಗಳೂ ಉಗ್ರಾಣದ ಮಕ್ಕಳೇ. ಕೆಲಸವಿಲ್ಲದೆ ಬಿದ್ದಿದ್ದ ಹಳೆಯ ವ್ಯಾಪಾರಿ ಗ್ಯಾಲಿಗಳಿಗೆ ಭಾರಿ ಫಿರಂಗಿ ಏರಿಸಿ ಮಾಡಿದ್ದು.

ಹಾಗೆಂದು ಎಲ್ಲವೂ ಗಡಿಯಾರದಂತೆ ನಡೆಯುತ್ತಿತ್ತು ಎಂದುಕೊಳ್ಳಬೇಡಿ. ದಿಮ್ಮಿಗಳು ಅಡ್ಡಾದಿಡ್ಡಿ ರಾಶಿಬಿದ್ದು, ಬೇಕಾದದ್ದನ್ನು ಹುಡುಕಿ ಎಳೆಯುವ ಖರ್ಚು ಆ ಮರದ ಬೆಲೆಯ ಮೂರು ಪಟ್ಟಾಗುತ್ತದೆಂದು ಆಗಿನವರೇ ದೂರಿದ್ದರು. ಚಕ್ಕೆಚೂರು ಮನೆಗೊಯ್ಯುವ ಹಕ್ಕು ಕೆಲಸಗಾರರಿಗಿತ್ತು. ಕೆಲವರು ಒಳ್ಳೆಯ ಮರವನ್ನೇ ಕಡಿದು ಚೂರು ಮಾಡುತ್ತಿದ್ದರು. ನೀರು ಬೆರೆಸಿದ ದ್ರಾಕ್ಷಾರಸ ಎಲ್ಲರಿಗೂ ಪುಕ್ಕಟೆ. 1569ರ ಸೆಪ್ಟೆಂಬರ್‌ನ ಒಂದು ರಾತ್ರಿ ಮದ್ದಿನಮನೆ ಸಿಡಿಯಿತು. ಹಡಗುಗಳಿಗಾದ ಹಾನಿಗಿಂತ ತುರ್ಕರ ರಾಜಧಾನಿ ಇಸ್ತಾಂಬುಲ್‌ಗೆ ಮುಟ್ಟಿದ ವದಂತಿ ದೊಡ್ಡದು. ಆಮೇಲೆ ಮದ್ದನ್ನು ಲಗೂನಿನ ದ್ವೀಪಗಳಿಗೆ ಸಾಗಿಸಿದರು.

1797ರಲ್ಲಿ ಫ್ರೆಂಚರು ಬಂದು ಸೂರೆ ಮಾಡಿದರು. ಈಗ ಒಂದು ಭಾಗ ಇಟಲಿಯ ನೌಕಾಪಡೆಯ ವಶದಲ್ಲಿದೆ. ಹಗ್ಗದ ಮನೆ ಕೊರ್ದೆರಿಯೆಯಲ್ಲಿ 1980ರಿಂದ ಬಿಯೆನಾಲೆ ಎಂಬ ಕಲೆ, ವಾಸ್ತುಶಿಲ್ಪಗಳ ಪ್ರದರ್ಶನ ನಡೆಯುತ್ತದೆ. ಅಂತೋನಿಯೊ ದ ಪೊಂತೆ 1579ರಿಂದ 1585ರವರೆಗೆ ಮರುಕಟ್ಟಿದ ಆ ಕಟ್ಟಡ 316 ಮೀಟರ್ ಉದ್ದ. ಅಷ್ಟುದ್ದ ಯಾಕೆ? ಎಳೆಗಳನ್ನು ಹುರಿ ಹಾಕಿದಾಗ ಉದ್ದ ಮೂರನೇ ಒಂದು ಪಾಲಿನಷ್ಟು ಕುಗ್ಗುತ್ತದೆ, 300 ಮೀಟರ್ ಎಳೆಯಿಂದ ಸಿಗುವ ಹಗ್ಗ 200 ಮೀಟರ್. ಲಂಗರಿನ ಹಗ್ಗಕ್ಕೆ ನಡುವೆ ಗಂಟು ಹಾಕುವಂತಿಲ್ಲ, ಗಂಟೇ ಮೊದಲು ಬಿಡುವುದು. ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಪ್ರೇಕ್ಷಕರಿಗೆ ನಾಲ್ಕು ನಿಮಿಷ ಸಾಕು. ನೂಲುವವನು ಅದೇ ನೆಲದ ಮೇಲೆ ಸೊಂಟಕ್ಕೆ ನಾರು ಸುತ್ತಿಕೊಂಡು, ಬೆರಳಿನಿಂದ ಎಳೆ ಬಿಡುತ್ತ, ಹಿಮ್ಮುಖವಾಗಿ ಹೆಜ್ಜೆಯಿಡುತ್ತಿದ್ದ.