ಪಂಡೋರಾ: ಎಲ್ಲವನ್ನೂ ಕೊಡುವವಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮುಚ್ಚಿಟ್ಟ ಹಗರಣವೊಂದು ಬಯಲಾದಾಗ ‘ಪಂಡೋರಾ ಪೆಟ್ಟಿಗೆ ತೆರೆದಂತಾಯಿತು’ ಎಂದು ಪತ್ರಿಕೆಗಳು ಬರೆಯುವುದುಂಟು. ಗ್ರೀಕ್ ಪುರಾಣದ ಈ ಹೆಣ್ಣಿನ ಹೆಸರು ಕಿವಿಗೆ ಬಿದ್ದೊಡನೆ ಕೇಡೇ ನೆನಪಾಗುತ್ತದೆ. ಆದರೆ ಹೆಸರನ್ನು ಬಿಡಿಸಿ ನೋಡಿ, ಕೇಡಿನ ಸುಳಿವೂ ಸಿಗುವುದಿಲ್ಲ. ಗ್ರೀಕ್ ಭಾಷೆಯಲ್ಲಿ ‘ಪಾನ್’ ಎಂದರೆ ಎಲ್ಲ, ‘ಡೋರಾನ್’ ಎಂದರೆ ಕೊಡುಗೆ. ನಾವು ದಿನವೂ ಆಡುವ ‘ದಾನ’ಕ್ಕೆ ಈ ‘ಡೋರಾನ್’ ದೂರದ ನೆಂಟ. ಸಂಸ್ಕೃತದ ‘ದಾ’ ಧಾತುವಿಗೂ ಅದಕ್ಕೂ ಬೇರು ಒಂದೇ. ದೇವರ ಕೊಡುಗೆ ಎಂಬ ಅರ್ಥದಲ್ಲಿ ನಮ್ಮಲ್ಲಿ ದೇವದತ್ತನಿದ್ದರೆ ಅವರಲ್ಲಿ ಥಿಯೋಡೋರ್ ಇದ್ದಾನೆ.

ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್ ಹೇಳುವ ಕಥೆ ಹೀಗಿದೆ. ದೇವಕುಲದ ಪ್ರೊಮಿಥಿಯಸ್ ದೇವತೆಗಳ ಬೆಂಕಿಯನ್ನು ಕದ್ದು ಮನುಷ್ಯರಿಗೆ ಕೊಟ್ಟ. ಕೆರಳಿದ ದೇವರಾಜ ಜ್ಯೂಸ್, ಮನುಷ್ಯರನ್ನು ದಂಡಿಸಲೆಂದು, ಮಣ್ಣು ನೀರು ಕಲಸಿ ಹೆಣ್ಣೊಬ್ಬಳನ್ನು ಮಾಡುವಂತೆ ಕಮ್ಮಾರ ದೇವತೆ ಹೆಫೆಸ್ಟಸ್‌ಗೆ ಹೇಳಿದ. ಅಥೀನಾ ದೇವಿ ಉಡಿಸಿದಳು, ದೇವದೂತ ಹರ್ಮಿಸ್ ಮಾತನ್ನೂ ಕಪಟವನ್ನೂ ತುಂಬಿದ. ದೇವತೆಗಳೆಲ್ಲರ ಕೊಡುಗೆ ಸೇರಿದ್ದರಿಂದ ಅವಳಿಗೆ ಪಂಡೋರಾ ಎಂಬ ಹೆಸರಾಯಿತು.

ಮನುಷ್ಯರ ನಡುವೆ ಬಂದ ಅವಳು, ಕಷ್ಟಗಳೆಲ್ಲ ಹೊರಬರುವಂತೆ ತೆರೆದದ್ದು ಪೆಟ್ಟಿಗೆಯನ್ನಲ್ಲ. ಹೆಸಿಯಡ್ ಬಳಸಿದ ಪದ ‘ಪಿಥೋಸ್’. ಎಣ್ಣೆ, ಕಾಳು, ದ್ರಾಕ್ಷಾರಸ ತುಂಬಿಡುವ ದೊಡ್ಡ ಮಣ್ಣಿನ ಗುಡಾಣ ಅದು. ಹದಿನಾರನೆಯ ಶತಮಾನದಲ್ಲಿ ಎರಾಸ್ಮಸ್ ಎಂಬ ಡಚ್ ವಿದ್ವಾಂಸ ಲ್ಯಾಟಿನ್‌ನಲ್ಲಿ ಈ ಕಥೆ ಹೇಳುವಾಗ ‘ಪಿಕ್ಸಿಸ್’, ಅಂದರೆ ಪುಟ್ಟ ಪೆಟ್ಟಿಗೆ ಎಂದು ಬರೆದ. ಮನೆಯ ಉಗ್ರಾಣದ ಗುಡಾಣ ಅಂಗೈ ಮೇಲಿನ ಡಬ್ಬಿಯಾಯಿತು! ‘ಕುತೂಹಲ ತಡೆಯಲಾರದೆ ತೆರೆದಳು’ ಎಂಬ ಮಾತೂ ಹೆಸಿಯಡ್‌ನಲ್ಲಿಲ್ಲ. ಮುಚ್ಚಳ ತೆಗೆದಳು, ಕಷ್ಟಗಳು ಹರಡಿದವು, ‘ಎಲ್ಪಿಸ್’ ಎಂಬ ನಿರೀಕ್ಷೆಯೊಂದು ಒಳಗೇ ಉಳಿಯಿತು ಎಂದಷ್ಟೇ ಅವನು ಹೇಳುತ್ತಾನೆ.

ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಹೆಸರಿನ ಇನ್ನೊಂದು ಅರ್ಥ. ‘ಎಲ್ಲರಿಂದ ಕೊಡುಗೆ ಪಡೆದವಳು’ ಎಂದು ಹೆಸಿಯಡ್ ಬಿಡಿಸಿದ ಪದವನ್ನು ‘ಎಲ್ಲವನ್ನೂ ಕೊಡುವವಳು’ ಎಂದೂ ಬಿಡಿಸಬಹುದು. ಬೆಳೆ ಕೊಡುವ ಭೂಮಿತಾಯಿಯನ್ನು ಗ್ರೀಕರು ಇದೇ ಹೆಸರಿನಿಂದ ಕರೆದದ್ದುಂಟು. ಕೊಡುವ ಕೈ ಕಥೆಯಲ್ಲಿ ಕೇಡು ಚೆಲ್ಲುವ ಕೈಯಾಯಿತಲ್ಲ ಎಂದು ನನಗೆ ನೋವಾಗುತ್ತದೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸ್‌ನ ಮಣ್ಣಿನ ಬಟ್ಟಲೊಂದಿದೆ. ಅದರ ಮೇಲೆ ಅವಳ ಚಿತ್ರವಿದೆ. ಅಲ್ಲಿ ಅವಳಿಗೆ ‘ಅನೆಸಿಡೋರಾ’ ಎಂಬ ಹೆಸರು. ನೆಲದೊಳಗಿನಿಂದ ಕೊಡುಗೆಗಳನ್ನು ಮೇಲಕ್ಕೆ ಕಳುಹಿಸುವವಳು ಎಂದರ್ಥ. ಒಂದು ಬದಿಯಲ್ಲಿ ಅಥೀನಾ ಅವಳ ಉಡುಪನ್ನು ಸರಿಪಡಿಸುತ್ತಿದ್ದಾಳೆ, ಇನ್ನೊಂದು ಬದಿಯಲ್ಲಿ ಸುತ್ತಿಗೆ ಹಿಡಿದ ಹೆಫೆಸ್ಟಸ್ ನಿಂತಿದ್ದಾನೆ. ಆ ಚಿತ್ರದಲ್ಲಿ ಗುಡಾಣವೂ ಇಲ್ಲ, ಪೆಟ್ಟಿಗೆಯೂ ಇಲ್ಲ.

ನಮಸ್ಕಾರ.