ತಿಟ್ಟು ಬದಲಿಸಿದ ಮೆಟಲ್: ಕಿವಿ ಎಲ್ಲಿಡಬೇಕು?

ಎಲ್ಲರಿಗೂ ನಮಸ್ಕಾರ.

ಉಡುಪಿಯವರಿಗೆ ಯಕ್ಷಗಾನದ ತಿಟ್ಟಿನ, ಅಂದರೆ ಶೈಲಿಯ, ಜಗಳ ಹೊಸತಲ್ಲ. ಕಣ್ಣು ಮುಚ್ಚಿ ಕೂತರೂ ಚೆಂಡೆಯ ನಾಲ್ಕು ಪೆಟ್ಟಿಗೆ ತೆಂಕೋ ಬಡಗೋ ಗೊತ್ತಾಗುತ್ತದೆ. ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತುಗಾರಿಕೆ ಬಿಟ್ಟು, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ಒಪ್ಪದವರಿಗೂ ಅಲ್ಲಿ ಬೆರಳಿಟ್ಟು ತೋರಿಸಲು ಜಾಗ ಇತ್ತು: ಇದು ಹೋಯಿತು, ಇದು ಬಂತು. ಮೆಟಲ್ ಎಂಬ ಬಿರುಸಿನ ರಾಕ್ ಸಂಗೀತದ ಅಭಿಮಾನಿಗಳು ಮಾತ್ರ, ನೆಚ್ಚಿನ ಬ್ಯಾಂಡ್ ದಾರಿ ಬದಲಿಸಿದ ಕೂಡಲೇ ‘ದುಡ್ಡಿಗೆ ಮಾರಿಕೊಂಡರು’ ಎಂದು ಷರಾ ಬರೆದು ಎದ್ದುಬಿಡುತ್ತಾರೆ. ಮಾರಿಕೊಂಡಿರಲೂಬಹುದು, ಆದರೆ ಅದು ಸ್ಪೀಕರಿನಲ್ಲಿ ಕೇಳುವ ಸಂಗತಿಯಲ್ಲ. ಕೇಳುವುದು ಶ್ರುತಿ, ವೇಗ, ಸ್ನೇರ್ ಡ್ರಮ್, ಬೇಸ್ ಗಿಟಾರ್, ಗಂಟಲು.

ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕವನ್ನೇ ತೆಗೆದುಕೊಳ್ಳಿ. 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ 9 ಹಾಡು, ಸುಮಾರು 65 ನಿಮಿಷ, ಹಾಡಿಗೆ ಸರಾಸರಿ ಏಳು ನಿಮಿಷ ದಾಟುತ್ತದೆ. 1991ರಲ್ಲಿ ಬಂದ, ಎಲ್ಲರೂ ‘ಬ್ಲ್ಯಾಕ್ ಆಲ್ಬಮ್’ ಎನ್ನುವ ಆಲ್ಬಮಿನಲ್ಲಿ 12 ಹಾಡು, 62 ನಿಮಿಷ ಚಿಲ್ಲರೆ. ಸರಾಸರಿ ಐದಕ್ಕೆ ಇಳಿಯಿತು. ಹಾಡು ಗಿಡ್ಡವಾದದ್ದು ಎಲ್ಲರಿಗೂ ಕಂಡಿತು. ಅದಕ್ಕಿಂತ ದೊಡ್ಡ ಬದಲಾವಣೆ ಕೆಳಗಿನ ಪದರದಲ್ಲಿ ಆಯಿತು. ಜಸ್ಟಿಸ್‌ನ ಮಿಕ್ಸಿಂಗ್‌ನಲ್ಲಿ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಇದೆಯೋ ಇಲ್ಲವೋ ಎಂಬಷ್ಟು ತಗ್ಗಿದೆ. ಬಾಬ್ ರಾಕ್ ಪ್ರೊಡ್ಯೂಸರ್ ಆಗಿ ಬಂದ ಮೇಲೆ ಬೇಸ್ ಮತ್ತು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಜತೆಗೂಡಿ ನಡೆಯತೊಡಗಿದವು. ವೇಗ ಇಳಿದದ್ದರಿಂದ ಪ್ರತಿ ಪೆಟ್ಟಿನ ನಡುವೆ ಖಾಲಿ ಜಾಗ ಸಿಕ್ಕಿತು, ಆ ಜಾಗದಲ್ಲಿ ಪೆಟ್ಟಿನ ಅನುರಣನ ಪೂರ್ತಿ ಮುಗಿಯುವಷ್ಟು ಸಮಯವಿದೆ. ‘ನಿಧಾನ ಆದರು, ಆದ್ದರಿಂದ ಮೆದುವಾದರು’ ಎನ್ನುವುದು ತಪ್ಪು ಲೆಕ್ಕ.

ಬ್ಲ್ಯಾಕ್ ಆಲ್ಬಮಿನ ‘ಸ್ಯಾಡ್ ಬಟ್ ಟ್ರೂ’ ಹಾಡಿನಲ್ಲಿ ಇನ್ನೊಂದು ಕೆಲಸ ನಡೆದಿದೆ. ಗಿಟಾರಿನ ಆರೂ ತಂತಿಗಳ ಶ್ರುತಿಯನ್ನು ಎರಡು ಫ್ರೆಟ್‌ನಷ್ಟು (ಫ್ರೆಟ್ ಎಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಇಳಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಷಡ್ಜದಿಂದ ಕೆಳಗಿನ ಕೈಶಿಕಿ ನಿಷಾದಕ್ಕೆ. ದಪ್ಪ ತಂತಿ 82.4 ಹರ್ಟ್ಸ್‌ನಿಂದ 73.4ಕ್ಕೆ ಬರುತ್ತದೆ. ಇದನ್ನು ನುಡಿಸಹೊರಟ ಇಲ್ಲಿನ ಹುಡುಗರು ಎಡವುವುದು ಇಲ್ಲೇ. ತಂತಿಯ ಬಿಗಿತ ಕಂಪನಾಂಕದ ವರ್ಗಕ್ಕೆ ಅನುಗುಣ, ಹಾಗಾಗಿ ಎರಡು ಫ್ರೆಟ್ ಇಳಿಸಿದರೆ ಬಿಗಿತ ಶೇ. 20ರಷ್ಟು ಹೋಗುತ್ತದೆ. ನಾಲ್ಕು ಇಳಿಸಿದರೆ ಶೇ. 37. ತಂತಿ ಜೋತು ಫ್ರೆಟ್‌ಗೆ ಬಡಿಯುತ್ತದೆ, ಜೋರಾಗಿ ಮೀಟಿದಾಗ ಶ್ರುತಿ ಮೊದಲು ಏರಿ ಆಮೇಲೆ ಇಳಿಯುತ್ತದೆ. 46ರ (ಇಂಚಿನ ಸಾವಿರದಲ್ಲಿ 46 ಪಾಲು ದಪ್ಪದ) ತಂತಿ ಇದ್ದಲ್ಲಿ ಎರಡು ಫ್ರೆಟ್‌ಗೆ 52, ನಾಲ್ಕಕ್ಕೆ 58 ಹಾಕಿದರೆ ಹಳೆಯ ಬಿಗಿತ ಹೆಚ್ಚುಕಡಿಮೆ ಮರಳುತ್ತದೆ. ದಪ್ಪ ತಂತಿ ನಟ್‌ನ, ಅಂದರೆ ಕತ್ತಿನ ತುದಿಯ ಪಟ್ಟಿಯ, ತೋಡಿನಲ್ಲಿ ಕೂರದಿದ್ದರೆ ತೋಡನ್ನು ಸ್ವಲ್ಪ ಅಗಲಿಸಬೇಕು. ಆಮೇಲೆ ಕತ್ತಿನ ಬಾಗು ನೋಡಿ, ಕೊನೆಗೆ 12ನೇ ಫ್ರೆಟ್‌ನ ಸ್ವರವೂ ಅಲ್ಲಿನ ಹಾರ್ಮೋನಿಕ್ಕೂ (ತಂತಿಯನ್ನು ಒತ್ತದೆ ಹಗುರ ಮುಟ್ಟಿ ಮೀಟಿದ ಸ್ವರ) ಹೊಂದುವ ತನಕ ತಂತಿಯ ಇನ್ನೊಂದು ತುದಿಯ ಆಧಾರವಾದ ಸ್ಯಾಡಲ್ ಸರಿಸಬೇಕು. ಈ ಅನುಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಆಟಿ ತಿಂಗಳ ಮಳೆಯ ತೇವದಲ್ಲಿ ತಂತಿಗೆ ತುಕ್ಕು ಬೇಗ ಹಿಡಿಯುತ್ತದೆ, ನುಡಿಸಿದ ಮೇಲೆ ಒರೆಸಿಡಿ. ಹಳೆಯ ಸತ್ತ ತಂತಿಯಲ್ಲಿ ಈ ನಾದ ಬರುವುದೇ ಇಲ್ಲ.

1996ರ ‘ಲೋಡ್’ ಬಂದಾಗ ಜನ ಮಾತಾಡಿದ್ದು ಮೆಟಾಲಿಕದವರು ಕೂದಲು ಕತ್ತರಿಸಿದ್ದರ ಬಗ್ಗೆ! ಕಿವಿಗೆ ಬೇರೆಯದೇ ಸುದ್ದಿ ಇತ್ತು. ಅದುವರೆಗೆ ಹಾಡಿನ ಲಯ ಹೊರುವ ರಿದಮ್ ಗಿಟಾರನ್ನು ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಒಬ್ಬರೇ ಎರಡೂ ಬದಿಗೆ ನುಡಿಸುತ್ತಿದ್ದರು, ಎಡಬಲ ಒಂದೇ ಕೈಯ ಪೆಟ್ಟು. ಲೋಡ್‌ನಲ್ಲಿ ಇನ್ನೊಬ್ಬ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಕೂಡ ರಿದಮ್ ನುಡಿಸಿದರು. ಎರಡು ಕೈ ಬಂದಾಗ ಗೋಡೆಯಂಥ ಆ ಬಿಗುವು ಸಡಿಲವಾಯಿತು. ಥ್ರ್ಯಾಶ್ ಎಂಬ ವೇಗದ ಮೆಟಲ್ ಕೈಬಿಟ್ಟವರಿಗೆ ಅದು ಬೇಕಾಗಿಯೂ ಇತ್ತು.

2003ರ ‘ಸೇಂಟ್ ಆ್ಯಂಗರ್’ ಬಗ್ಗೆ ಕ್ಷಮೆ ಕೊಡುವುದು ಕಷ್ಟ. ಗಿಟಾರ್ ಸೋಲೋ ಇಲ್ಲ, ಅದಿರಲಿ. ಸ್ನೇರ್‌ನ ಅಡಿಚರ್ಮಕ್ಕೆ ತಾಗುವ ಲೋಹದ ಸುರುಳಿತಂತಿಗಳುಂಟು, ‘ಚಟ್’ ಎನ್ನುವುದು ಅವು. ಬದಿಯ ಸಣ್ಣ ಲಿವರ್ ಕೆಳಗಿಳಿಸಿದರೆ ಅವು ಚರ್ಮ ಬಿಡುತ್ತವೆ. ಡ್ರಮ್ಮರ್ ಲಾರ್ಸ್ ಉಲ್ರಿಕ್ ಹಾಗೆ ಬಿಟ್ಟೇ ನುಡಿಸಿದರು. ಸ್ಟೀಲಿನ ಕೊಡಪಾನಕ್ಕೆ ಸೌಟಿನಿಂದ ಹೊಡೆದ ಹಾಗಿನ ‘ಟಂಯ್’ 75 ನಿಮಿಷ. ಪ್ರತಿ ಪೆಟ್ಟೂ ಒಂದು ಸ್ವರವಾಗಿ ಉಳಿಯುವುದರಿಂದ ಅದು ಗಿಟಾರಿನ ಶ್ರುತಿಯ ಜತೆ ಜಗಳಕ್ಕೆ ನಿಲ್ಲುತ್ತದೆ. ಒಂದು ಲಿವರ್ ಒಂದು ಆಲ್ಬಮಿನ ಚಹರೆಯನ್ನೇ ಬದಲಿಸಿತು.

ಗಂಟಲಿನ ವಿಷಯಕ್ಕೆ ಸ್ವೀಡನ್ನಿನ ಬ್ಯಾಂಡ್ ಓಪೆತ್. ಅಲ್ಲಿನ ಗುಡುಗುವ ಹಾಡುಗಾರಿಕೆ, ಗ್ರೌಲ್, ಎಂದರೆ ಗಂಟಲು ಹರಿದುಕೊಳ್ಳುವುದಲ್ಲ, ಧ್ವನಿತಂತುಗಳ ಮೇಲಿರುವ ಹುಸಿ ಮಡಿಕೆಗಳನ್ನೂ ಕಂಪಿಸುವುದು. 2008ರ ‘ವಾಟರ್‌ಶೆಡ್’ನಲ್ಲಿ ಅದಿತ್ತು, 2011ರ ‘ಹೆರಿಟೇಜ್’ನಲ್ಲಿ ಇಲ್ಲ, ಸ್ಟುಡಿಯೋ ಆಲ್ಬಮಿಗೆ ಮರಳಿದ್ದು 2024ರಲ್ಲಿ. ಹೆರಿಟೇಜ್‌ನಲ್ಲಿ ಹೋದದ್ದು ಬಿರುಸಷ್ಟೇ ಅಲ್ಲ. ಮುಂಚೆ ಮೆದುವಾದ ಭಾಗ ಕೇಳುವಾಗಲೂ ‘ಈಗ ಬಂತು’ ಎಂಬ ಅಂಜಿಕೆ ಇರುತ್ತಿತ್ತು, ಅದೂ ಹೋಯಿತು.

ಈಗ ಜಸ್ಟಿಸ್‌ನ ‘ಬ್ಲ್ಯಾಕನ್ಡ್’, ಹಿಂದೆಯೇ ‘ಸ್ಯಾಡ್ ಬಟ್ ಟ್ರೂ’ ಹಾಕುತ್ತೇವೆ. ಎರಡರ ವಾಲ್ಯೂಮ್ ಸಮ ಮಾಡಿದ್ದೇವೆ, ಏಕೆಂದರೆ ಜೋರಾಗಿದ್ದದ್ದೇ ಚಂದ ಎಂದು ಕಿವಿ ಮೋಸಹೋಗುತ್ತದೆ. ಮನೆಯಲ್ಲಿ ಮತ್ತೆ ಕೇಳುವುದಾದರೆ ಫೋನಿನ ಸ್ಪೀಕರ್ ಬೇಡ, 73 ಹರ್ಟ್ಸ್ ಅದರಲ್ಲಿ ಹೊರಡುವುದಿಲ್ಲ. ಮೊದಲ ಸಲ ಗಿಟಾರ್ ಬಿಟ್ಟುಬಿಡಿ, ಬೇಸ್ ಎಲ್ಲಿದೆ ಎಂದು ಹುಡುಕಿ.