ತಂತಿ ಒಂದೇ, ಕೆಲಸ ಎಡಗೈಯದು: ವಿಯೆಟ್ನಾಮಿನ ವಾದ್ಯಗಳು

ಸಂಗೀತಪ್ರಿಯ ಬಂಧುಗಳೇ, ನಮಸ್ಕಾರ.

ವಿಯೆಟ್ನಾಮಿನಲ್ಲಿ ಸರ್ಕಾರದ ಲೆಕ್ಕಕ್ಕೆ 54 ಜನಾಂಗಗಳಿವೆ. ಅವರವರ ವಾದ್ಯಗಳ ಹೆಸರು ಓದುತ್ತಾ ಹೋದರೆ ಊಟದ ಹೊತ್ತು ಮೀರೀತು. ಹಾಗಾಗಿ ಇವತ್ತು ಕೆಲವನ್ನಷ್ಟೇ ಹಿಡಿದು ಒಂದು ಪ್ರಶ್ನೆಯ ಸುತ್ತ ಮಾತಾಡುತ್ತೇನೆ. ಸ್ವರವನ್ನು ಬಾಗಿಸುವುದಕ್ಕೆ, ಜಾರಿಸುವುದಕ್ಕೆ, ಅಲುಗಿಸುವುದಕ್ಕೆ ಆ ಜನ ವಾದ್ಯದ ಮೈಯಲ್ಲೇ ಹೇಗೆ ಜಾಗ ಮಾಡಿಕೊಂಡರು? ಗಮಕವಿಲ್ಲದ ಸಂಗೀತವನ್ನು ಊಹಿಸಲಾರದ ನಮಗೆ ಇದು ದೂರದ ಪ್ರಶ್ನೆಯೇನಲ್ಲ.

ಡಾನ್ ಬೌ ಎಂಬ ವಾದ್ಯದಿಂದ ಶುರು ಮಾಡೋಣ. ಒಂದು ಮೀಟರಿಗಿಂತ ತುಸು ಉದ್ದದ, ಕಿರಿದಾದ ಮರದ ಪೆಟ್ಟಿಗೆ. ಹಿಂದೆ ಇದಕ್ಕೆ ಸೀಳಿದ ದಪ್ಪ ಬಿದಿರೂ ಆಗುತ್ತಿತ್ತು. ಒಂದು ತುದಿಯಲ್ಲಿ ನೆಟ್ಟಗೆ ನಿಂತ ಬಳುಕುವ ಕಡ್ಡಿ, ಬಿದಿರಿನದೋ ಎಮ್ಮೆಕೊಂಬಿನದೋ. ಕಡ್ಡಿಯ ಬುಡದ ಹತ್ತಿರ ಒಂದು ಪುಟ್ಟ ಸೋರೆ ಬುರುಡೆ. ಅಲ್ಲಿಂದ ಹೊರಟ ಒಂದೇ ಒಂದು ತಂತಿ ಪೆಟ್ಟಿಗೆಯ ಇನ್ನೊಂದು ತುದಿಗೆ ಹೋಗಿ ಸೇರುತ್ತದೆ. ಮೊದಲು ರೇಷ್ಮೆ ಎಳೆ ಇತ್ತು, ಈಗ ಉಕ್ಕು. ವೀಣೆಗಿರುವಂಥ ಮೆಟ್ಟಿಲುಗಳಿಲ್ಲ. ತಂತಿಯನ್ನು ಮರಕ್ಕೆ ಒತ್ತುವ ಪದ್ಧತಿಯೂ ಇಲ್ಲ. ಹಾಗಾದರೆ ಸ್ವರಗಳು ಎಲ್ಲಿಂದ ಬರುತ್ತವೆ?

ಈ ತಂಬೂರಿಯ ಸಾರಣಿ ತಂತಿಯಲ್ಲಿ ತೋರಿಸುತ್ತೇನೆ. ತಂತಿಯ ನಟ್ಟನಡುವೆ ಅಂಗೈಯ ಅಂಚನ್ನು ಹೂವಿನಷ್ಟು ಹಗುರವಾಗಿ ಇಟ್ಟು, ಮೀಟಿ, ತಕ್ಷಣ ಕೈ ತೆಗೆಯುತ್ತೇನೆ. ಕೇಳಿಸಿತಲ್ಲ, ಮೇಲಿನ ಷಡ್ಜ. ಈಗ ಮೂರನೇ ಒಂದು ಭಾಗದಲ್ಲಿ: ಅದರ ಮೇಲಿನ ಪಂಚಮ. ನಾಲ್ಕನೇ ಒಂದರಲ್ಲಿ ಇನ್ನೂ ಮೇಲಿನ ಷಡ್ಜ. ಐದನೇ ಒಂದರಲ್ಲಿ, ಸ್ವಲ್ಪ ಗಮನವಿಟ್ಟು ಕೇಳಿ, ಅಂತರ ಗಾಂಧಾರ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ತಾನಾಗಿಯೇ ಮೂಡುವ ಗಾಂಧಾರ ಇದೇ. ಡಾನ್ ಬೌ ವಾದಕ ನುಡಿಸುವುದು ಈ ಸ್ವಯಂಭೂ ಸ್ವರಗಳನ್ನೇ. ಬಲಗೈಯಲ್ಲಿ ಸಣ್ಣ ಕಡ್ಡಿ, ಅದೇ ಕೈಯ ಅಂಚು ತಂತಿಯ ಮೇಲೆ. ಮುಟ್ಟುವುದು, ಮೀಟುವುದು, ಬಿಡುವುದು ಮೂರೂ ಒಂದೇ ಗಳಿಗೆಯಲ್ಲಿ ಆಗಬೇಕು. ಕೈ ಒಂದಿಷ್ಟು ತಡವಾಗಿ ಎದ್ದರೆ ನಾದ ಸತ್ತುಹೋಗುತ್ತದೆ.

ಆದರೆ ಹೀಗೆ ಸಿಗುವುದು ಷಡ್ಜ, ಪಂಚಮ, ಗಾಂಧಾರ ಅಷ್ಟೇ. ಮಿಕ್ಕದ್ದೆಲ್ಲ ಎಡಗೈಯ ಪಾಲು. ಎಡಗೈ ಆ ಬಳುಕುವ ಕಡ್ಡಿಯನ್ನು ಹಿಡಿದಿರುತ್ತದೆ. ಪೆಟ್ಟಿಗೆಯ ಕಡೆಗೆ ತಳ್ಳಿದರೆ ತಂತಿ ಸಡಿಲವಾಗಿ ಸ್ವರ ಇಳಿಯುತ್ತದೆ, ಆಚೆಗೆ ಎಳೆದರೆ ಬಿಗಿಯಾಗಿ ಏರುತ್ತದೆ. ಮೀಟಿದ ಮೇಲೆ, ನಾದ ಇನ್ನೂ ಉಳಿದಿರುವಾಗಲೇ, ರಿಷಭಕ್ಕೆ ಜಾರಬಹುದು, ಮಧ್ಯಮಕ್ಕೆ ಹತ್ತಬಹುದು, ಎಲ್ಲಿಯೂ ನಿಲ್ಲದೆ ತೂಗಾಡಬಹುದು. ಮೆಟ್ಟಿಲಿಲ್ಲದ ಕಾರಣ ತಪ್ಪಿದರೆ ಕಾಪಾಡುವವರು ಯಾರೂ ಇಲ್ಲ, ಕಿವಿಯೇ ಗತಿ. ವಿಯೆಟ್ನಾಮಿ ಭಾಷೆಯಲ್ಲಿ ಉಚ್ಚಾರದ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ, ಹನೋಯಿ ಕಡೆಯ ಮಾತಿನಲ್ಲಿ ಇಂಥ ಆರು ಏರಿಳಿತಗಳಿವೆ. ಆ ಮಾತಿನ ಬಳುಕನ್ನು ಇಷ್ಟು ಹತ್ತಿರದಿಂದ ಹಿಡಿಯಬಲ್ಲ ವಾದ್ಯ ಅಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದನ್ನು ಹೆಚ್ಚಾಗಿ ನುಡಿಸುತ್ತಿದ್ದವರು ಸಂತೆಗಳಲ್ಲಿ, ದೋಣಿಗಟ್ಟೆಗಳಲ್ಲಿ ಹಾಡಿ ಹೊಟ್ಟೆ ಹೊರೆಯುತ್ತಿದ್ದ ಅಂಧ ಗಾಯಕರು. ಅವರ ಹಾಡಿಕೆಗೆ ಸಮ್ ಎಂದು ಹೆಸರು. ಡಾನ್ ಬೌ ನುಡಿಸುವವನೇ ಅದನ್ನು ಕೇಳಿಕೊಳ್ಳಲಿ, ಹೆಣ್ಣಾಗಿ ಹುಟ್ಟಿದವಳು ಅದಕ್ಕೆ ಕಿವಿಗೊಡಬಾರದು ಎಂದು ಜನಪದದ ಒಂದು ದ್ವಿಪದಿ ಎಚ್ಚರಿಸುತ್ತದೆ. ಮನಸ್ಸು ಕದಿಯುವ ವಾದ್ಯ ಎಂಬ ಭಯ. ವಾಸ್ತವದಲ್ಲಿ ಅದರ ನಾದ ಬಹಳ ಮೆಲ್ಲನೆಯದು, ಹತ್ತು ಮಾರು ದೂರ ಕೂತವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಪಿಕಪ್ ಅಳವಡಿಸಿ, ಆಂಪ್ಲಿಫೈಯರ್‌ಗೆ ಸೇರಿಸಿದ ಮೇಲೆ ಅದು ದೊಡ್ಡ ವೇದಿಕೆ ಹತ್ತಿತು. ಹತ್ತಿದ್ದೇನೋ ಸರಿ, ಈಗ ಪ್ರವಾಸಿಗರ ಮುಂದೆ ಸಿನಿಮಾ ಹಾಡು ನುಡಿಸುತ್ತಾ ಕೂತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಹಾಡುಗಳಿಗೆ ಕಡ್ಡಿ ಬಳುಕಬೇಕಾದ ಪ್ರಮೇಯವೇ ಇಲ್ಲವಲ್ಲ!

ಎಡಗೈಗೆ ಜಾಗ ಬಿಡುವ ಈ ಹಟ ಬೇರೆ ವಾದ್ಯಗಳಲ್ಲೂ ಇದೆ. ಡಾನ್ ಟ್ರಾನ್ ಎಂಬ ಹದಿನಾರು ತಂತಿಯ ವಾದ್ಯದಲ್ಲಿ ಪ್ರತಿ ತಂತಿಗೂ ಅದನ್ನು ಎತ್ತಿ ಹಿಡಿಯುವ, ಸರಿಸಬಹುದಾದ ಒಂದೊಂದು ಕುದುರೆ. ಕುದುರೆಯ ಬಲಕ್ಕೆ ಮೀಟು, ಎಡಕ್ಕೆ ಒತ್ತು. ಚಂದ್ರನಂತೆ ದುಂಡಗಿನ ಮೈಯ ಡಾನ್ ನ್ಗುಯೆಟ್‌ನಲ್ಲಿ ಮೆಟ್ಟಿಲುಗಳು ಬೆರಳೆತ್ತರ ನಿಂತಿವೆ, ತಂತಿಯನ್ನು ಆಳಕ್ಕೆ ಅದುಮಲಿ ಎಂದೇ. ವೀಣೆಯವರು ತಂತಿಯನ್ನು ಪಕ್ಕಕ್ಕೆ ಎಳೆದು ಮಾಡುವ ಕೆಲಸವನ್ನು ಅವರು ಕೆಳಕ್ಕೆ ಒತ್ತಿ ಮಾಡುತ್ತಾರೆ. ಯಾವ ಸ್ವರವನ್ನು ಅಲುಗಿಸಬೇಕು, ಯಾವುದನ್ನು ಒತ್ತಿ ಏರಿಸಬೇಕು, ಯಾವುದನ್ನು ಸುಮ್ಮನೆ ಬಿಡಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಅದೇ ಐದು ಸ್ವರ ಇದ್ದರೂ ಅಲುಗಿಸುವ ಕ್ರಮ ಬದಲಾದರೆ ಹರ್ಷದ ಛಾಯೆ ಹೋಗಿ ವಿಷಾದದ ಛಾಯೆ ಬರುತ್ತದೆ. ಆರೋಹಣ ಅವರೋಹಣ ಬರೆದುಕೊಂಡ ಮಾತ್ರಕ್ಕೆ ರಾಗ ಬಂದಂತಲ್ಲ ಎಂದು ನಮ್ಮ ಗುರುಗಳು ಗದರುತ್ತಿದ್ದರಲ್ಲ, ಅದೇ ವಿಷಯ.

ನನಗೆ ತುಂಬ ಇಷ್ಟವಾದದ್ದು ಗಿಟಾರಿನ ಕತೆ. ಫ್ರೆಂಚರ ಆಳ್ವಿಕೆಯಲ್ಲಿ ಪಾಶ್ಚಾತ್ಯ ವಾದ್ಯಗಳು ಬಂದವು. ದಕ್ಷಿಣದ ಕಾಯ್ ಲುವೊಂಗ್ ಎಂಬ ರಂಗಭೂಮಿಯ ವಾದಕರಿಗೆ ಗಿಟಾರ್ ಹಿಡಿಸಿತು, ಆದರೆ ಸ್ವರ ಬಾಗುತ್ತಿರಲಿಲ್ಲ. ಅವರು ಉಳಿ ತೆಗೆದುಕೊಂಡು ಮೆಟ್ಟಿಲುಗಳ ನಡುವಿನ ಮರವನ್ನು ಗುಳಿ ಬೀಳುವಂತೆ ಕೆತ್ತಿ ಹಾಕಿದರು! ಈಗ ಬೆರಳು ಗುಳಿಯೊಳಗೆ ಇಳಿದಷ್ಟೂ ಸ್ವರ ಏರುತ್ತದೆ. ನಾವು ಪಿಟೀಲನ್ನು ತೊಡೆಯ ಮೇಲೆ ತಂದು ಕೂರಿಸಿಕೊಂಡೆವು, ಅವರು ಗಿಟಾರನ್ನು ಕೆತ್ತಿದರು. ಈ ಗುಳಿಗಿಟಾರ್ ಇಲ್ಲದೆ ಅಲ್ಲಿನ ವೋಂಗ್ ಕೋ ಗಾಯನ ಇವತ್ತಿಗೂ ಕಳೆಗಟ್ಟುವುದಿಲ್ಲ. ವೋಂಗ್ ಕೋ ಬೆಳೆದ ಬಗೆಯೂ ಸ್ವಾರಸ್ಯದ್ದು. ಮೆಕಾಂಗ್ ಬಯಲಿನ ಬಾಕ್ ಲ್ಯೂ ಊರಿನ ಕಾವ್ ವಾನ್ ಲಾವ್ ಎಂಬ ಸಂಗೀತಗಾರ 1919ರ ಸುಮಾರಿಗೆ ಒಂದು ವಿರಹದ ಹಾಡು ಕಟ್ಟಿದ. ಅದರ ಒಂದೊಂದು ಸಾಲಿಗೆ ಎರಡೇ ಎಣಿಕೆ. ಮುಂದಿನ ಹಾಡುಗಾರರು ಅದನ್ನು ನಾಲ್ಕು ಮಾಡಿದರು, ಆಮೇಲೆ ಎಂಟು, ಹದಿನಾರು, ಮೂವತ್ತೆರಡು, ಕೊನೆಗೆ ಅರವತ್ತನಾಲ್ಕು. ಹಾಡು ಬಂದು ನಿಲ್ಲಬೇಕಾದ ಸ್ವರಗಳು ಅವೇ, ನಡುವಿನ ಹಾದಿ ಮಾತ್ರ ಹಿಗ್ಗುತ್ತಾ ಹೋಯಿತು. ಆ ಹಾದಿಯನ್ನು ತುಂಬಿಸುವುದು ವಾದಕನ ಜಾಣ್ಮೆ.

ಇನ್ನು, ಭಾರತಕ್ಕೂ ಅಲ್ಲಿಗೂ ನಂಟಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಇದೆ. ಇಂದಿನ ಮಧ್ಯ ವಿಯೆಟ್ನಾಮಿನಲ್ಲಿ ಚಂಪಾ ರಾಜ್ಯವಿತ್ತು, ಸಂಸ್ಕೃತ ಶಾಸನಗಳು, ಶಿವಾಲಯಗಳು ಇದ್ದ ನಾಡು. ಉತ್ತರದ ದೊರೆ ಲೀ ಥಾನ್ ಟೋಂಗ್ 1060ರಲ್ಲಿ ಚಂಪಾದ ಹಾಡುಗಳನ್ನೂ ಡೋಲಿನ ನಡೆಗಳನ್ನೂ ತನ್ನ ಭಾಷೆಗೆ ತರಿಸಿ ಆಸ್ಥಾನದ ಸಂಗೀತಗಾರರಿಂದ ಹಾಡಿಸಿದನೆಂದು ಅವರ ಇತಿಹಾಸಗ್ರಂಥದಲ್ಲೇ ದಾಖಲಾಗಿದೆ. ಟ್ರೋಂಗ್ ಕೋಮ್, ಅಂದರೆ ಅನ್ನದ ಡೋಲು, ಈ ದಾರಿಯಲ್ಲಿ ಬಂದದ್ದಿರಬೇಕು ಎಂಬುದು ಹಲವು ವಿದ್ವಾಂಸರ ಮಾತು. ಉದ್ದನೆಯ ಮೈ, ಎರಡು ಮುಚ್ಚಿಗೆ, ಕೊರಳಿಗೆ ನೇತುಹಾಕಿ ಕೈಯಿಂದ ಬಡಿಯುವ ವಾದ್ಯ. ಬೆಂದ ಅನ್ನವನ್ನು ನುಣ್ಣಗೆ ಅರೆದು ಮುಚ್ಚಿಗೆಯ ನಡುವೆ ಮೆತ್ತಿ ನಾದ ಹದಮಾಡುತ್ತಾರೆ. ಕಚೇರಿಗೆ ಮುಂಚೆ ಎಡದ ಮುಚ್ಚಿಗೆಗೆ ರವೆ ಕಲಸಿ ಹಚ್ಚುವ ನಮ್ಮ ಮೃದಂಗದವರಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ಹಾಗಂತ ಎಲ್ಲವೂ ನಮ್ಮಿಂದಲೇ ಹೋಯಿತು ಎಂದು ಎದೆಯುಬ್ಬಿಸುವವರಿಗೆ ಒಂದು ಮಾತು: ಅನ್ನದ ಡೋಲಿನ ಪಕ್ಕದಲ್ಲೇ ಚೀನಾದಿಂದ ಬಂದ ವಾದ್ಯಗಳ ಸಾಲೇ ಇದೆ, ಎರಡನ್ನೂ ಅವರು ತಮ್ಮ ಕಿವಿಗೆ ತಕ್ಕಂತೆ ಮಾಡಿಕೊಂಡಿದ್ದಾರೆ.

ಕೇಳುಗನೇ ವಾದಕನಾಗುವ ಒಂದು ಪದ್ಧತಿ ಹೇಳುತ್ತೇನೆ. ಉತ್ತರದ ಕಾ ಟ್ರೂ ಗಾಯನದಲ್ಲಿ ಮೂವರು. ಹಾಡುವಾಕೆ ಬಾಯಿ ಹೆಚ್ಚು ತೆರೆಯದೆ, ಸ್ವರವನ್ನು ಕಾಳುಕಾಳಾಗಿ ಉದುರಿಸುತ್ತಾ ಹಾಡುತ್ತಾಳೆ, ಎರಡೂ ಕೈಗಳಲ್ಲಿ ಕಡ್ಡಿ ಹಿಡಿದು ಮುಂದಿರುವ ಬಿದಿರಿನ ಪಟ್ಟಿಯ ಮೇಲೆ ಲಯವನ್ನೂ ತಾನೇ ನುಡಿಸುತ್ತಾಳೆ. ಪಕ್ಕದಲ್ಲಿ ಡಾನ್ ಡಾಯ್ ವಾದಕ. ಮೂರು ತಂತಿ, ಉದ್ದನೆಯ ಕತ್ತು, ಹಿಂಬದಿ ತೆರೆದಿರುವ ಪೆಟ್ಟಿಗೆ. ಮೂರನೆಯವನು ಸಭಿಕ. ಹಾಡು ಬಲ್ಲ ರಸಿಕ ಕೈಯಲ್ಲಿ ಕೋಲು ಹಿಡಿದು ಸಣ್ಣ ಡೋಲಿನ ಮುಂದೆ ಕೂರುತ್ತಾನೆ. ಚರ್ಮಕ್ಕೆ ಹೊಡೆದರೆ ‘ತೊಮ್’, ಮರದ ಮೈಗೆ ಹೊಡೆದರೆ ‘ಚಾಟ್’. ಪದ್ಯದ ಶುರು, ಮುಕ್ತಾಯ, ಮೆಚ್ಚುಗೆ ಎಲ್ಲವೂ ಅವನ ಪೆಟ್ಟಿನಲ್ಲೇ. ತಪ್ಪು ಜಾಗದಲ್ಲಿ ಹೊಡೆದರೆ ಹಾಡುಗಾರ್ತಿಯದಲ್ಲ, ಅವನದೇ ಮಾನ ಹೋಗುತ್ತದೆ. ನಮ್ಮ ಸಭೆಗಳಲ್ಲಿ ಮೃದಂಗದವರ ತನಿ ಆವರ್ತನ ಬಂದೊಡನೆ ಕಾಫಿಗೆ ಏಳುವವರ ಕೈಗೆ ಇಂಥದ್ದೊಂದು ಡೋಲು ಕೊಟ್ಟು ನೋಡಬೇಕು.

ಕಳೆದ ಶತಮಾನದ ಮೊದಲರ್ಧದಲ್ಲಿ ಹನೋಯಿಯ ಖಾಮ್ ಥಿಯೆನ್ ಬೀದಿಯ ಹಾಡುಮನೆಗಳಿಂದಾಗಿ ಕಾ ಟ್ರೂಗೆ ಕೆಟ್ಟ ಹೆಸರು ಅಂಟಿತು. ಕಮ್ಯುನಿಸ್ಟರ 1945ರ ಕ್ರಾಂತಿಯ ನಂತರ ಹಾಡುಗಾರ್ತಿಯರು ತಮ್ಮ ವಿದ್ಯೆ ಮುಚ್ಚಿಟ್ಟುಕೊಂಡು ಬದುಕಬೇಕಾಯಿತು. ದೇವದಾಸಿಯರ ಚರಿತ್ರೆ ಬಲ್ಲ ನಿಮಗೆ ಹೆಚ್ಚು ಹೇಳಬೇಕಿಲ್ಲ. ಉಳಿದ ಕೆಲವರಲ್ಲಿ ಕ್ವಾಕ್ ಥಿ ಹೋ ದೊಡ್ಡ ಹೆಸರು. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಸಂಗೀತಶಾಸ್ತ್ರಜ್ಞ ಟ್ರಾನ್ ವಾನ್ ಖೆ ಆಕೆಯ ಗಾಯನವನ್ನು ಧ್ವನಿಮುದ್ರಿಸಿ ಹೊರಜಗತ್ತಿಗೆ ತಲುಪಿಸಿದರು. 2009ರಲ್ಲಿ ಯುನೆಸ್ಕೋ ಕಾ ಟ್ರೂವನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಇಷ್ಟು ಹೊತ್ತು ಬಾಗುವ ಸ್ವರದ ಮಾತಾಡಿದೆ. ಮಧ್ಯದ ಎತ್ತರದ ಬೆಟ್ಟನಾಡಿಗೆ ಹೋದರೆ ಈ ಮಾತು ನಡೆಯುವುದಿಲ್ಲ. ಜರಾಯ್, ಬಹ್ನಾರ್, ಎದೆ ಮೊದಲಾದ ಹೆಸರಿನ ಜನಾಂಗಗಳ ಜಾಗಟೆಗಳು ಬಾಗುವುದಿಲ್ಲ. ಒಬ್ಬನಿಗೆ ಒಂದು ಜಾಗಟೆ, ಒಂದು ಜಾಗಟೆಗೆ ಒಂದೇ ಸ್ವರ. ಹತ್ತು ಹನ್ನೆರಡು ಜನ, ಹೆಚ್ಚಿನ ಕಡೆ ಸಾಲಾಗಿ ನಡೆಯುತ್ತಾ, ತಮ್ಮ ತಮ್ಮ ಸರದಿಗೆ ಬಾರಿಸಿದರೆ ರಾಗ ಹುಟ್ಟುತ್ತದೆ. ಒಬ್ಬ ಜ್ವರ ಬಂದು ಮಲಗಿದರೆ ಆ ರಾಗದಲ್ಲಿ ಅವನ ಸ್ವರವೇ ಇಲ್ಲ. ಜಾಗಟೆಗಳನ್ನು ಅವರು ಎರಕ ಹೊಯ್ಯುವುದಿಲ್ಲ. ಕ್ವಾಂಗ್ ನಾಮ್ ಸೀಮೆಯ ಫುಕ್ ಕಿಯೂ ಹಳ್ಳಿಯ ಕಂಚುಗಾರರಿಂದಲೋ ಲಾವೋಸಿನ ಕಡೆಯಿಂದಲೋ ಕೊಂಡು ತರುತ್ತಾರೆ. ಕೊಂಡು ತಂದದ್ದು ಬರೀ ಲೋಹ. ಊರಿನ ಶ್ರುತಿಗಾರ ಅದನ್ನು ಸಣ್ಣ ಸುತ್ತಿಗೆಯಿಂದ ಸುತ್ತುಸುತ್ತಾಗಿ ತಟ್ಟುತ್ತಾ, ನಡುನಡುವೆ ಬಾರಿಸಿ ಕೇಳುತ್ತಾ, ತಮ್ಮ ಜನದ ಶ್ರುತಿಗೆ ತರುತ್ತಾನೆ. ಒಂದೇ ಎರಕದ ಜಾಗಟೆ ಜರಾಯ್ ಊರಿನಲ್ಲಿ ಒಂದು ಶ್ರುತಿ, ಎದೆ ಊರಿನಲ್ಲಿ ಇನ್ನೊಂದು. ಯುನೆಸ್ಕೋ 2005ರಲ್ಲೇ ಈ ಜಾಗಟೆ ಸಂಸ್ಕೃತಿಯನ್ನು ಮಾನ್ಯ ಮಾಡಿದೆ. ನನಗೆ ಚಿಂತೆ ಜಾಗಟೆಗಳದಲ್ಲ, ಅವನ್ನು ಹೊಸದಾಗಿಯೂ ಎರಕ ಹೊಯ್ಯಬಹುದು. ತಟ್ಟಿ ಶ್ರುತಿ ಮಾಡಬಲ್ಲ ಕಿವಿಗಳು ಕಡಿಮೆಯಾಗುತ್ತಿವೆ.

ಈಗ ಎರಡು ಧ್ವನಿಮುದ್ರಣ ಹಾಕುತ್ತಾರೆ. ಮೊದಲನೆಯದು ಕಾ ಟ್ರೂ, ಅದರಲ್ಲಿ ಡೋಲಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ಎರಡನೆಯದು ವೋಂಗ್ ಕೋ, ಗಾಯಕ ಉಸಿರು ತೆಗೆದುಕೊಳ್ಳುವಾಗ ಗಿಟಾರಿನವನು ಏನು ಮಾಡುತ್ತಾನೆ ಕೇಳಿ. ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಳ್ಳೋಣ.